‘ಗಾಡ್’ ಅನ್ನಲು ಹೋಗಿ ‘ಗಾಶ್’

ಪ್ರಶ್ನೆ: ನಮ್ಮ ಟೀಮಿನಲ್ಲಿ ಹೊರದೇಶದವರು ಜಾಸ್ತಿ. ದಿನಾ ವಿಡಿಯೋ ಕಾಲ್ ಇರುತ್ತದೆ. ಅವರಲ್ಲಿ ಇಬ್ಬರು ಮಾತು ಮಾತಿಗೂ ‘ಗಾಶ್’, ‘ಓ ಮೈ ಗಾಶ್’ ಅನ್ನುತ್ತಾರೆ. ನಿಘಂಟಿನಲ್ಲಿ ‘ಆಶ್ಚರ್ಯ ಸೂಚಿಸುವ ಪದ’ ಅಂತಷ್ಟೇ ಇದೆ. ಆದರೆ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲದ ಕಡೆಯೂ ಅವರು ಹಾಗನ್ನುವುದನ್ನು ಕೇಳಿದ್ದೇನೆ. ಹೋದ ವಾರ ನಾನು ಗ್ರೂಪ್ ಚಾಟ್‌ನಲ್ಲಿ ‘ಓ ಮೈ ಗಾಡ್’ ಅಂತ ಬರೆದೆ. ಅವರಲ್ಲೊಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿ, ‘ಗಾಶ್ ಅಂತ ಬರೆದರೆ ನನಗೆ ಖುಷಿ’ ಅಂದರು. ನಾನು ಮಾಡಿದ ತಪ್ಪೇನು? ಎರಡಕ್ಕೂ ಏನು ವ್ಯತ್ಯಾಸ? ನಾನೂ ಈ ‘ಗಾಶ್’ ಬಳಸಬಹುದಾ, ಅದೂ ಮ್ಯಾನೇಜರ್ ಮುಂದೆ?

ಉತ್ತರ: ನಿಮ್ಮ ಇಂಗ್ಲಿಷ್‌ನಲ್ಲಿ ತಪ್ಪೇನೂ ಇಲ್ಲ. ಲೆಕ್ಕವಿಲ್ಲದಷ್ಟು ಜನ ದಿನಾ ‘ಓ ಮೈ ಗಾಡ್’ ಅಂತಲೇ ಅನ್ನುತ್ತಾರೆ. ನಿಮ್ಮ ಸಹೋದ್ಯೋಗಿಗೆ ಚುಚ್ಚಿದ್ದು ವ್ಯಾಕರಣ ಅಲ್ಲ, ದೇವರ ಹೆಸರು. ಇದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ಕಾಲು ಎಡವಿದರೆ ‘ಶಿವನೇ’, ಕೆಟ್ಟ ಸುದ್ದಿ ಕೇಳಿದರೆ ‘ರಾಮ ರಾಮಾ’, ಸುಸ್ತಾಗಿ ಕೂತರೆ ‘ಅಪ್ಪಾ ದೇವರೇ’. ಹೀಗೆ ಅಂದುಕೊಂಡೇ ಬೆಳೆದವರು ನಾವು. ಹಾಗೆ ಕರೆದರೆ ದೇವರಿಗೆ ಕೋಪ ಬರುತ್ತದೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ನೆಪ ಯಾವುದಾದರೇನು, ಹೆಸರು ನಾಲಿಗೆ ಮೇಲೆ ಬಂತಲ್ಲ!

ಇಂಗ್ಲಿಷ್ ಬೆಳೆದ ಮನೆ ಬೇರೆ. ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಒಂದು, ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬೇಡ ಅನ್ನುತ್ತದೆ. ವಿಮೋಚನಕಾಂಡದ 20ನೇ ಅಧ್ಯಾಯ, 7ನೇ ವಚನ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬೆಳೆದವರಿಗೆ ಪ್ರಿಂಟರ್ ಕೈಕೊಟ್ಟಾಗ ‘ಓ ಮೈ ಗಾಡ್’ ಅನ್ನುವುದು ಬೈಗುಳ ಅಲ್ಲದಿದ್ದರೂ ಕಸಿವಿಸಿಯ ಮಾತು. ಪ್ರಾರ್ಥನೆಗೆ ಎತ್ತಿಟ್ಟ ಪಾತ್ರೆಯಲ್ಲಿ ಯಾರೋ ಕೈ ತೊಳೆದ ಹಾಗೆ.

ಒಂದು ಕಾಲದಲ್ಲಿ ಇದು ಕಾನೂನೂ ಆಗಿತ್ತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ನಾಟಕದವರಿಗಾಗಿಯೇ ಒಂದು ಕಾಯ್ದೆ ಮಾಡಿತು. ರಂಗದ ಮೇಲೆ ದೇವರ ಹೆಸರನ್ನೋ ಯೇಸುವಿನ ಹೆಸರನ್ನೋ ಹಗುರವಾಗಿ ಬಳಸಿದರೆ ಒಂದೊಂದು ಸಲಕ್ಕೂ 10 ಪೌಂಡ್ ದಂಡ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ದಂಡದಲ್ಲಿ ಅರ್ಧ ರಾಜನಿಗೆ, ಇನ್ನರ್ಧ ದಾವೆ ಹೂಡಿದವನಿಗೆ. ಇಷ್ಟು ದುಡ್ಡು ಸಿಗುವುದಾದರೆ ನಾಟಕ ನೋಡಲು ಬಂದವನೂ ಕಿವಿ ನಿಮಿರಿಸಿ ಕೂರುತ್ತಾನೆ ಬಿಡಿ. ಶೇಕ್ಸ್‌ಪಿಯರನ ‘ಒಥೆಲೋ’ 1622ರಲ್ಲಿ ಅಚ್ಚಾದಾಗ ಇದ್ದ ಎಷ್ಟೋ ಆಣೆ ಮಾತುಗಳು ಅವನ ನಾಟಕಗಳ 1623ರ ದೊಡ್ಡ ಸಂಪುಟದಲ್ಲಿ ಇಲ್ಲ. ಕತೆ ಅದೇ, ಪಾತ್ರಗಳೂ ಅವೇ, ಬಾಯಿ ಮಾತ್ರ ತೊಳೆದಿದೆ.

ಹೆಸರು ಎತ್ತಬಾರದು ಸರಿ. ಆದರೆ ಬೆರಳಿಗೆ ಸುತ್ತಿಗೆ ಬಿದ್ದಾಗ ಏನಾದರೂ ಅನ್ನಲೇಬೇಕಲ್ವಾ? ಅಲ್ಲಿ ಹುಟ್ಟಿದ್ದು ಈ ಉಪಾಯ. ‘ಗಾಡ್’ ಅಂತ ಶುರುಮಾಡುವುದು, ಕೊನೆಯ ಅಕ್ಷರ ಬರುವ ಹೊತ್ತಿಗೆ ನಾಲಿಗೆಯನ್ನು ಪಕ್ಕದ ಓಣಿಗೆ ತಿರುಗಿಸುವುದು. 16ನೇ ಶತಮಾನದ ಮಧ್ಯದಲ್ಲೇ ‘ಬೈ ಗಾಸ್’ ಅನ್ನುವ ರೂಪ ಬರಹದಲ್ಲಿ ಕಾಣುತ್ತದೆ. ಈಗಿನ ‘ಗಾಶ್’ ಸಿಗುವುದು 1757ರಿಂದ. ನೀವೇ ಒಮ್ಮೆ ಎರಡನ್ನೂ ನಿಧಾನಕ್ಕೆ ಅಂದು ನೋಡಿ. ‘ಗಾಡ್’ ಅನ್ನುವಾಗ ನಾಲಿಗೆಯ ತುದಿ ಮೇಲೆ ಹೋಗಿ ತಗುಲುತ್ತದೆ, ಉಸಿರು ಟಕ್ ಅಂತ ನಿಲ್ಲುತ್ತದೆ. ‘ಗಾಶ್’ನ ಕೊನೆಯಲ್ಲಿ ನಾಲಿಗೆಯ ತುದಿ ಎಲ್ಲೂ ಮುಟ್ಟುವುದಿಲ್ಲ, ಟೈರಿನಿಂದ ಗಾಳಿ ಬಿಟ್ಟ ಹಾಗೆ ಉಸಿರು ಮೆತ್ತಗೆ ಹೊರಗೆ ಹೋಗುತ್ತದೆ. ಮಾತು ಮೃದು ಅನ್ನಿಸುವುದರಲ್ಲಿ ಈ ಸದ್ದಿನ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಹೀಗೆ ದಾರಿ ತಿರುಗಿದ ಪದಗಳ ದೊಡ್ಡ ಸಂಸಾರವೇ ಇಂಗ್ಲಿಷ್‌ನಲ್ಲಿದೆ. ‘ಗಾಡ್’ನಿಂದಲೇ ‘ಗಾಲಿ’ ಕೂಡ ಬಂತು. ಗಿಲ್ಬರ್ಟ್ ವೈಟ್ ಅನ್ನುವ ಪ್ರಕೃತಿ ಅಧ್ಯಯನಕಾರ 1775ರಲ್ಲೇ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಗಾಡಿ ಹೊಡೆಯುವವರು ಬಳಸುವ ಒಂಥರಾ ಖುಷಿಯ ಆಣೆ ಅಂತ ಅವನ ವಿವರಣೆ. ‘ಜೀಸಸ್’ ಅನ್ನಲು ಹೋಗಿ ‘ಜೀ’ ಮತ್ತು ‘ಜೀಝ್’, ‘ಕ್ರೈಸ್ಟ್’ ಅನ್ನಲು ಹೋಗಿ ‘ಕ್ರೈಕಿ’, ‘ಹೆಲ್’ ಅನ್ನಲು ಹೋಗಿ ‘ಹೆಕ್’, ‘ಡ್ಯಾಮ್’ ಅನ್ನಲು ಹೋಗಿ ‘ಡಾರ್ನ್’. ನನಗೆ ಇವುಗಳಲ್ಲಿ ಇಷ್ಟವಾದದ್ದು ಬ್ರಿಟಿಷರ ‘ಬ್ಲೈಮಿ’. ಅದು ‘ಗಾಡ್ ಬ್ಲೈಂಡ್ ಮಿ’ ಅನ್ನುವುದರ ಮುದುಡಿದ ರೂಪ, ಅಂದರೆ ‘ದೇವರು ನನ್ನ ಕಣ್ಣು ಕೀಳಲಿ’. ನಮ್ಮ ‘ಕಣ್ಣಾಣೆ’ಗೆ ಹತ್ತಿರದ ನೆಂಟ. ಇವತ್ತು ‘ಬ್ಲೈಮಿ’ ಅನ್ನುವವನಿಗೆ ಕಣ್ಣಿನ ನೆನಪೂ ಇರುವುದಿಲ್ಲ.

ಕನ್ನಡದಲ್ಲೂ ನಾಲಿಗೆ ತಿರುಗಿಸುವ ಈ ಕಲೆ ಇದೆ. ಆದರೆ ನಾವು ಅದನ್ನು ದೇವರ ಹೆಸರಿಗಲ್ಲ, ಶಾಪಕ್ಕೆ ಬಳಸುತ್ತೇವೆ. ‘ನಿನ್ನ ಮನೆ...’ ಅಂತ ರೋಷದಿಂದ ಶುರುಮಾಡಿ, ಎದುರಿಗೆ ಮಕ್ಕಳಿರುವುದು ಕಂಡು ‘...ತಣ್ಣಗಿರಲಿ’ ಅಂತ ಮುಗಿಸುವವರನ್ನು ನೋಡಿದ್ದೀರಲ್ವಾ? ಕೇಳಿದವರಿಗೆ ಏನು ಬರಬೇಕಿತ್ತು ಅಂತ ಗೊತ್ತು, ಬರಲಿಲ್ಲ ಅನ್ನುವುದೂ ಗೊತ್ತು. ‘ಗಾಶ್’ ಶುರುವಿನಲ್ಲಿ ಇಂಥದ್ದೇ ಆಗಿತ್ತು. ಈಗ ಅದನ್ನು ಬಳಸುವ ಹೆಚ್ಚಿನವರಿಗೆ ಒಳಗೆ ಒಬ್ಬ ದೇವರು ಅಡಗಿದ್ದಾನೆ ಅನ್ನುವುದೇ ಮರೆತುಹೋಗಿದೆ.

ಇನ್ನು ನಿಮ್ಮ ಮುಖ್ಯ ಗೊಂದಲಕ್ಕೆ ಬರೋಣ. ಆಶ್ಚರ್ಯ ಇಲ್ಲದ ಕಡೆಯೂ ಅನ್ನುತ್ತಾರೆ ಅಂದಿರಿ. ನಿಮ್ಮ ಕಿವಿ ಚುರುಕಾಗಿದೆ. ನನ್ನ ಕೇಳಿದರೆ, ‘ಗಾಶ್’ನ ನಿಜವಾದ ಕೆಲಸವೇ ಅಲ್ಲಿರುವುದು.

ಯಾರಾದರೂ ‘ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?’ ಅಂತ ಕೇಳುತ್ತಾರೆ. ಉತ್ತರ: ‘ಗಾಶ್, ಮಸ್ಟ್ ಬಿ ಟೆನ್ ಇಯರ್ಸ್ ನೌ.’ ಇಲ್ಲಿ ಆಶ್ಚರ್ಯ ಇಲ್ಲ, ಲೆಕ್ಕ ಹಾಕಲು ಬೇಕಾದ ಒಂದು ಕ್ಷಣ ಇದೆ. ‘ಅಯ್ಯೋ, ಹತ್ತು ವರ್ಷ ಆಗಿರಬೇಕಪ್ಪಾ’ ಅನ್ನುವಾಗ ನಮ್ಮ ‘ಅಯ್ಯೋ’ದಲ್ಲಿ ದುಃಖ ಇರುತ್ತಾ? ಇಲ್ಲವಲ್ಲ. ಎರಡೂ ಬಾಗಿಲ ಬಳಿ ಚಪ್ಪಲಿ ಬಿಡುವಷ್ಟು ಹೊತ್ತು ಕೊಡುತ್ತವೆ, ಅಷ್ಟೇ. ನಿಮ್ಮ ಕಾಲ್‌ಗಳಲ್ಲಿ ‘ಗಾಶ್, ಲೆಟ್ ಮಿ ಥಿಂಕ್’, ‘ಗಾಶ್, ವೇರ್ ಡು ಐ ಸ್ಟಾರ್ಟ್’ ಅಂತ ಕೇಳಿಸಿದರೆ ಅದೂ ಇದೇ ಜಾತಿ. ಈ ತರಹದ ‘ಗಾಶ್’ ಸ್ವಲ್ಪ ಎಳೆದು ಬರುತ್ತದೆ, ಕಣ್ಣು ಕ್ಯಾಮೆರಾ ಬಿಟ್ಟು ಮೇಲಕ್ಕೋ ಪಕ್ಕಕ್ಕೋ ಹೋಗುತ್ತದೆ. ಮುಂದಿನ ಸಲ ಗಮನಿಸಿ.

ಹೊಗಳಿದಾಗಲೂ ಇದು ಕೆಲಸಕ್ಕೆ ಬರುತ್ತದೆ. ‘ನಿಮ್ಮ ಪ್ರೆಸೆಂಟೇಶನ್ ಬಹಳ ಚೆನ್ನಾಗಿತ್ತು’ ಅಂದರೆ ‘ಓ ಗಾಶ್, ಥ್ಯಾಂಕ್ ಯೂ’. ಬರೀ ‘ಥ್ಯಾಂಕ್ ಯೂ’ ಅಂದರೆ ಹೊಗಳಿಕೆ ತನಗೆ ಸಲ್ಲಬೇಕಾದದ್ದೇ ಅಂತ ಕೈಚಾಚಿ ತೆಗೆದುಕೊಂಡ ಹಾಗಾಗುತ್ತದೆ. ಹಿಂದೊಂದು ‘ಓ ಗಾಶ್’ ಸೇರಿದರೆ ಸಂಕೋಚ ಬೆರೆಯುತ್ತದೆ, ‘ಅಯ್ಯೋ, ಅದೆಲ್ಲಾ ಏನಿಲ್ಲಪ್ಪ’ ಅನ್ನುವ ಹಾಗೆ. ಉಡುಗೊರೆ ಕೊಟ್ಟಾಗ ‘ಓ ಗಾಶ್, ಯು ಶುಡಂಟ್ ಹ್ಯಾವ್’ ಅನ್ನುತ್ತಾರೆ. ಪದಕ್ಕೆ ಪದ ಹಿಡಿದರೆ ‘ನೀವು ತರಬಾರದಿತ್ತು’ ಅಂತಾಗುತ್ತದೆ. ಗಾಬರಿ ಬೀಳಬೇಡಿ, ಅದು ಖುಷಿ. ‘ಇದೆಲ್ಲಾ ಯಾಕೆ ತರೋಕೆ ಹೋದ್ರಿ’ ಅನ್ನುತ್ತಲೇ ಎರಡೂ ಕೈ ನೀಡುತ್ತೇವಲ್ಲ, ಹಾಗೆ.

ಗಡಿಯಾರದ ‘ಗಾಶ್’ನ ಕತೆ ನನ್ನದೇ. ಇಂಗ್ಲಿಷ್ ಕಲಿಸಲು ಶುರುಮಾಡಿದ ಹೊಸದು. ಒಬ್ಬ ಇಂಗ್ಲಿಷ್ ದಂಪತಿ ಸಂಜೆ ಚಹಾಕ್ಕೆ ಕರೆದಿದ್ದರು. ಮಾತು ಚೆನ್ನಾಗಿ ಸಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಆತ ಗೋಡೆ ಗಡಿಯಾರ ನೋಡಿ ‘ಗಾಶ್, ಈಸ್ ದಟ್ ದ ಟೈಮ್?’ ಅಂದರು. ನಾನು ನನ್ನ ವಾಚ್ ನೋಡಿ, ‘ಹೌದು, ಏಳೂ ಹತ್ತು’ ಅಂದೆ. ನಿಮ್ಮ ಗಡಿಯಾರ ಎರಡು ನಿಮಿಷ ಮುಂದಿದೆ ಅಂತಲೂ ಸೇರಿಸಿದೆ. ಆಮೇಲೆ ಇನ್ನೂ ಅರ್ಧ ಗಂಟೆ ಕೂತೆ. ಆ ವಾಕ್ಯ ಪ್ರಶ್ನೆ ಅಲ್ಲ, ‘ಹೊತ್ತಾಯ್ತು, ಇನ್ನು ಏಳೋಣ’ ಅನ್ನುವುದರ ಮರ್ಯಾದೆಯ ರೂಪ ಅಂತ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ತಿಳಿದ ದಿನ ಒಬ್ಬನೇ ಕೂತು ನಾಚಿಕೊಂಡೆ. ನಿಮ್ಮ ಮೀಟಿಂಗ್‌ನಲ್ಲಿ ಇದು ಕೇಳಿಸಿದರೆ ಟೈಮ್ ಹೇಳಬೇಡಿ, ಮಾತು ಮುಗಿಸಿ.

ಒಪ್ಪಿಗೆ, ನಿರಾಕರಣೆಗೆ ಬಲ ಕೊಡಲು ‘ಗಾಶ್ ಯೆಸ್’, ‘ಗಾಶ್ ನೋ’ ಇವೆ. ‘ನಿಮಗೇನಾದರೂ ಬೇಜಾರಾಯಿತಾ?’ ಅಂದರೆ ‘ಗಾಶ್ ನೋ’, ಅಂದರೆ ‘ಛೇ ಛೇ, ಇಲ್ಲಪ್ಪ’. ಯಾರಿಗೋ ಕೈ ತಗುಲಿ ನೀರು ಚೆಲ್ಲಿದರೆ ‘ಓ ಗಾಶ್, ಸಾರಿ’. ಇವಕ್ಕೆ ವಿವರಣೆ ಬೇಡ.

ಸಂತಾಪದ ವಿಷಯದಲ್ಲಿ ಮಾತ್ರ ಹುಷಾರು. ಫ್ಲೈಟ್ ತಪ್ಪಿತು, ಫೋನ್ ಕಳೆಯಿತು, ಜ್ವರ ಬಂತು, ಇಷ್ಟಕ್ಕೆಲ್ಲಾ ‘ಓ ಗಾಶ್’ ಸರಿಯಾಗುತ್ತದೆ. ಸಾವಿನ ಸುದ್ದಿಗೆ ಸಾಲದು. ಎದುರಿಗೇ ಕೇಳಿದಾಗ ಬಾಯಿಂದ ತಾನಾಗಿ ‘ಓ ಗಾಶ್’ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಕ್ಷಣ ‘ಐ ಆಮ್ ಸೋ ಸಾರಿ’ ಅನ್ನಿ. ಬರಹದಲ್ಲಿ ಮಾತ್ರ ಬೇಡವೇ ಬೇಡ. ನನ್ನ ವಿದ್ಯಾರ್ಥಿಯೊಬ್ಬ ಸಂತಾಪದ ಮೇಲ್ ಅನ್ನು ‘ಓ ಮೈ ಗಾಶ್’ ಅಂತ ಶುರುಮಾಡಿ, ತಿದ್ದಿಕೊಡಿ ಅಂತ ತಂದಿದ್ದ. ಪಾಪ, ಅವನ ಮನಸ್ಸಿನಲ್ಲಿ ನಿಜವಾದ ದುಃಖವೇ ಇತ್ತು. ಕಾಗದದ ಮೇಲೆ ಅದು ಸಾವಿನ ಮನೆಗೆ ಬಣ್ಣದ ಛತ್ರಿ ಹಿಡಿದು ಹೋದ ಹಾಗಿತ್ತು.

ವ್ಯಂಗ್ಯಕ್ಕೂ ಇದನ್ನು ಬಳಸುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನು ಯಾರೋ ದೊಡ್ಡ ಗುಟ್ಟಿನ ಹಾಗೆ ಹೇಳಿದರೆ ‘ಗಾಶ್, ರಿಯಲಿ?’. ಕೆಲಸ ಎಲ್ಲಾ ಮುಗಿದ ಮೇಲೆ ಬಂದು ‘ಸಹಾಯ ಬೇಕಾ’ ಅಂದವರಿಗೆ ‘ಗಾಶ್, ಥ್ಯಾಂಕ್ಸ್’. ಪದಗಳು ಅವೇ, ದನಿ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯಂತೆ ಸಪಾಟು. ‘ಗಾಲಿ ಗಾಶ್’ ಅಂತ ಜೋಡಿಸಿ ಅಂದರಂತೂ ಬಹುಪಾಲು ತಮಾಷೆಗೇ, ಹಳೇ ಮಕ್ಕಳ ಕತೆಯ ಪಾತ್ರವನ್ನು ಅಣಕಿಸಿದ ಹಾಗೆ. ಚಾಟ್‌ನಲ್ಲಿ ದನಿ ಕೇಳಿಸುವುದಿಲ್ಲವಾದ್ದರಿಂದ ಇಂಥ ವ್ಯಂಗ್ಯವನ್ನು ಹೊಸಬರು ಬರೆಯದಿರುವುದೇ ಒಳ್ಳೆಯದು.

ಮ್ಯಾನೇಜರ್ ಮುಂದೆ ಅನ್ನಬಹುದಾ ಅಂದಿರಿ. ಧಾರಾಳವಾಗಿ. ಮಾತಿನಲ್ಲಿ, ಚಾಟ್‌ನಲ್ಲಿ ಯಾರ ಮುಂದೆಯೂ ಅನ್ನಬಹುದು. ಮಕ್ಕಳ ಮುಂದೆ, ಅಜ್ಜಿಯ ಮುಂದೆ, ಪಾದ್ರಿಯ ಮುಂದೆಯೂ ಸಾಮಾನ್ಯವಾಗಿ ನಡೆಯುತ್ತದೆ. ಗಂಡಸರು ಅನ್ನಬಾರದು ಅಂತೇನೂ ಇಲ್ಲ. ರಿಪೋರ್ಟ್‌ಗೆ, ಕ್ಲೈಂಟ್‌ಗೆ ಕಳಿಸುವ ಮೇಲ್‌ಗೆ ಬೇಡ, ಅಲ್ಲಿ ‘ಅಬ್ಬಬ್ಬಾ’ ಅಂತ ನೀವು ಕನ್ನಡದಲ್ಲೂ ಬರೆಯುವುದಿಲ್ಲವಲ್ಲ. ಒಂದು ಮಾತು ನೆನಪಿರಲಿ. ‘ಗಾಶ್’ಗೆ ಸ್ವಲ್ಪ ಹಳೇ ಕಾಲದ, ಸಭ್ಯ ಮನೆತನದ ವಾಸನೆ ಇದೆ. ಇಪ್ಪತ್ತರ ಹುಡುಗ ಮಾತಿಗೊಂದು ಸಲ ಅಂದರೆ ಗೆಳೆಯರು ಕಾಲೆಳೆಯುತ್ತಾರೆ. ನಿಜವಾದ ಸಿಟ್ಟಿಗಂತೂ ಈ ಪದ ಒದಗುವುದೇ ಇಲ್ಲ. ಮುಷ್ಟಿ ಬಿಗಿದು ‘ಗಾಶ್!’ ಅಂತ ಕೂಗಿದರೆ ಎದುರಿನವರು ನಗುತ್ತಾರೆ.

ಇದರ ಪಕ್ಕದಲ್ಲಿ ಇನ್ನೂ ಸೌಮ್ಯವಾದದ್ದು ಬೇಕೆಂದರೆ ‘ಗುಡ್‌ನೆಸ್’ ಇದೆ. ಅದೂ ‘ಗಾಡ್’ ಬದಲಿಗೆ ಬಂದದ್ದೇ, ಆದರೆ ಪೂರ್ತಿ ಮಾನವಂತ ಪದ. ಇದರಿಂದ ಒಂದು ಮುಖ್ಯ ಭೇದ ತಿಳಿಯುತ್ತದೆ. ‘ಫಾರ್ ಗುಡ್‌ನೆಸ್ ಸೇಕ್’ ಅಂದರೆ ‘ಅಯ್ಯೋ ಮಾರಾಯಾ, ಸಾಕು ಮಾಡು’. ಅದರಲ್ಲೇ ‘ಗುಡ್‌ನೆಸ್’ ತೆಗೆದು ‘ಗಾಡ್ಸ್’ ಹಾಕಿದರೆ ತಾಳ್ಮೆ ಕೆಟ್ಟಿದೆ ಅಂತ ಅರ್ಥ, ಕೇಳಿದವರು ಬೆಚ್ಚುತ್ತಾರೆ. ‘ಓ ಮೈ ಗಾಡ್’ ಸವೆದು ಸವೆದು ಮೆತ್ತಗಾಗಿದೆ, ‘ಫಾರ್ ಗಾಡ್ಸ್ ಸೇಕ್’ ಇನ್ನೂ ಚೂಪಾಗಿಯೇ ಉಳಿದಿದೆ. ಕೆಲಸದ ಜಾಗದಲ್ಲಿ ಮೊದಲನೆಯದನ್ನು ಯಾರೋ ಒಬ್ಬಿಬ್ಬರು ಬೇಡ ಅನ್ನಬಹುದು, ಎರಡನೆಯದನ್ನು ನೀವೇ ಬಿಡಿ.

ಒಂದಷ್ಟು ಜನ ‘ಗಾಶ್’ ಕೂಡ ಬೇಡ ಅನ್ನುತ್ತಾರೆ. ಕಟ್ಟುನಿಟ್ಟಿನ ಕೆಲವು ಕ್ರೈಸ್ತ ಮನೆಗಳಲ್ಲಿ ಮಕ್ಕಳು ಹಾಗಂದರೆ ಗದರುತ್ತಾರೆ. ವೇಷ ಬದಲಿಸಿದ ಮಾತ್ರಕ್ಕೆ ಆಸಾಮಿ ಬದಲಾದನೇ ಅನ್ನುವುದು ಅವರ ವಾದ. ತರ್ಕಕ್ಕೆ ಸರಿಯೇ. ಯಹೂದಿಗಳಲ್ಲಿ ಹಲವರು ಇಂಗ್ಲಿಷ್‌ನಲ್ಲಿ ‘ಗಾಡ್’ ಪದವನ್ನು ಪೂರ್ತಿ ಬರೆಯುವುದೂ ಇಲ್ಲ, ಜಿ ಮತ್ತು ಡಿ ನಡುವೆ ಅಕ್ಷರದ ಬದಲು ಒಂದು ಗೆರೆ ಎಳೆಯುತ್ತಾರೆ. ನಿಮ್ಮ ಸಹೋದ್ಯೋಗಿ ತಾವೇ ‘ಗಾಶ್’ ಸೂಚಿಸಿದ್ದಾರೆ ಅಂದಮೇಲೆ ಅವರು ಅಷ್ಟು ಬಿಗಿಯವರಲ್ಲ. ಅವರು ಗ್ರೂಪಿನಲ್ಲಿ ಎಲ್ಲರ ಮುಂದೆ ಹೇಳದೆ ಬೇರೆಯಾಗಿ ಹೇಳಿದರು ಅನ್ನುವುದನ್ನೂ ಗಮನಿಸಿ. ಅದು ದೂರಲ್ಲ, ಕೋರಿಕೆ.

ಕನ್ನಡಕ್ಕೆ ತರುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಸಬ್‌ಟೈಟಲ್‌ಗಳಲ್ಲಿ ‘ಓ ಮೈ ಗಾಶ್’ ಬಂದ ಕಡೆಯೆಲ್ಲಾ ‘ಓ ನನ್ನ ದೇವರೇ’ ಅಂತ ಬರುವುದನ್ನು ನೋಡಿ ನೋಡಿ ನನಗೆ ಸಂಕಟ. ಆಡುವವರು ಕಷ್ಟಪಟ್ಟು ಬಚ್ಚಿಟ್ಟ ದೇವರನ್ನು ಅನುವಾದಕರು ಕೈಹಿಡಿದು ಹೊರಗೆ ಎಳೆದು ತಂದ ಹಾಗೆ! ಕನ್ನಡದಲ್ಲಿ ಒಂದೇ ಪದ ಹುಡುಕಬೇಡಿ. ಬೆರಗಿಗೆ ‘ಅಬ್ಬಾ’, ಮರೆವು ನೆನಪಾದರೆ ‘ಅರೆರೆ’, ಸಂಕೋಚಕ್ಕೆ ‘ಅಯ್ಯೋ’, ಬೇಸರಕ್ಕೆ ‘ಛೆ’. ನಮ್ಮಲ್ಲಿ ಭಾವಕ್ಕೊಂದು ಡಬ್ಬಿ, ಅವರಲ್ಲಿ ಒಂದೇ ಡಬ್ಬಿ. ಆದರೂ ಒಂದನ್ನೇ ಆರಿಸು ಅಂದರೆ ನಾನು ‘ಅಯ್ಯೋ’ ಅನ್ನುತ್ತೇನೆ, ಅದರಷ್ಟು ಬಾಗುವ ಪದ ಇನ್ನೊಂದಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೇ 2016ರಲ್ಲಿ ‘ಅಯ್ಯೋ’ವನ್ನು ಒಳಗೆ ಸೇರಿಸಿಕೊಂಡಿದೆ.

ಅನ್ನುವ ಬಗೆಯ ಬಗ್ಗೆ ಒಂದೆರಡು ಮಾತು. ಕೊನೆಗೆ ‘ಉ’ ಸೇರಿಸಿ ‘ಗಾಶು’ ಮಾಡಬೇಡಿ, ‘ಶ್’ ಅಲ್ಲೇ ನಿಲ್ಲಲಿ. ಬ್ರಿಟಿಷರ ಬಾಯಲ್ಲಿ ಸ್ವರ ಗಿಡ್ಡ, ‘ಗಾ’ ಮತ್ತು ‘ಗೊ’ ನಡುವೆ ಎಲ್ಲೋ ಇರುತ್ತದೆ. ಅಮೆರಿಕದವರದು ನಮ್ಮ ‘ಗಾ’ಕ್ಕೆ ಹತ್ತಿರ. ‘ಗೋಶ್’ ಅಂತ ಎಳೆದರೆ ಯಾರೋ ಬಂಗಾಳಿಯವರನ್ನು ಅಡ್ಡಹೆಸರು ಹಿಡಿದು ಕರೆದ ಹಾಗಾಗುತ್ತದೆ.

ಟೈಪ್ ಮಾಡಲು ಬೇಜಾರಾದರೆ ‘ಓಎಂಜಿ’ ಇದೆ. ಅದನ್ನು ಈಗಿನ ಹುಡುಗರ ಸೃಷ್ಟಿ ಅಂದುಕೊಳ್ಳಬೇಡಿ. ಬ್ರಿಟನ್ನಿನ ನೌಕಾಪಡೆಯ ಅಡ್ಮಿರಲ್ ಆಗಿದ್ದ ಜಾನ್ ಫಿಶರ್ 1917ರಲ್ಲಿ ಚರ್ಚಿಲ್‌ಗೆ ಬರೆದ ಕಾಗದದಲ್ಲೇ ಅದು ಇದೆ. ಅರ್ಥವಾಗದೆ ಹೋದೀತು ಅಂತ ‘ಓ ಮೈ ಗಾಡ್’ ಅಂತ ಕಂಸದಲ್ಲಿ ಬಿಡಿಸಿಯೂ ಇಟ್ಟಿದ್ದಾರೆ. ಈಗ ಅದರ ‘ಜಿ’ಯನ್ನು ಕೆಲವರು ಗಾಡ್ ಅಂತ ಓದುತ್ತಾರೆ, ಕೆಲವರು ಗಾಶ್ ಅಂತ. ನಿಮ್ಮ ಸಹೋದ್ಯೋಗಿ ಹೇಗೆ ಓದುತ್ತಾರೋ ಗೊತ್ತಿಲ್ಲವಲ್ಲ, ಹಾಗಾಗಿ ಅವರಿರುವ ಗ್ರೂಪಿನಲ್ಲಿ ‘ಗಾಶ್’ ಅಂತ ನಾಲ್ಕು ಅಕ್ಷರ ಪೂರ್ತಿ ಟೈಪ್ ಮಾಡಿಬಿಡಿ.